ಶಿವಮೊಗ್ಗ–ತೀರ್ಥಹಳ್ಳಿ ಓಡಾಟಕ್ಕೆ ಪೈಲಟ್ ಸ್ಪೋರ್ಟ್ 4 ಬೇಕಾ, ಪ್ರೈಮಸಿ 4 ಸಾಕಾ?

ನಮಸ್ಕಾರ. ದಿನಾ ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗಾಗ ಆಗುಂಬೆ ಘಾಟಿ, ಕಾರಿನ ಟೈರ್ ಸೈಜು 205/55 ಆರ್16, ಮಿಶೆಲಿನ್ ಕಂಪನಿಯ ಈ ಎರಡು ಟೈರ್‌ಗಳಲ್ಲಿ ಯಾವುದು ಅಂತ ಕೇಳಿದ್ದೀರಿ. ನನ್ನ ಓಟು ಪ್ರೈಮಸಿಗೆ.

ಒಣ ರಸ್ತೆಯಲ್ಲಿ ಪೈಲಟ್ ಸ್ಪೋರ್ಟೇ ಮುಂದೆ, ಎರಡು ಮಾತಿಲ್ಲ. ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೂ ಗಾಡಿ ಕೇಳುತ್ತದೆ. ಆದರೆ ಆಗುಂಬೆಯ ತಿರುವುಗಳಲ್ಲಿ ಬಸ್ಸಿನ ಹಿಂದೆ ಎರಡನೇ ಗೇರಿನಲ್ಲಿ ಹೋಗುವಾಗ ಅದರಿಂದ ಏನು ಲಾಭ? ಮಳೆಯಲ್ಲಿ ಎರಡೂ ಚೆನ್ನಾಗಿಯೇ ಹಿಡಿಯುತ್ತವೆ. ಪ್ರೈಮಸಿಯಲ್ಲಿ ಸದ್ದು ಕಡಿಮೆ, ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಾಟವೂ ಕಡಿಮೆ.

ನಿಜ ಹೇಳಬೇಕೆಂದರೆ ನಮ್ಮ ಮಳೆಗೆ ಮಾಡೆಲ್‌ಗಿಂತ ಗ್ರೂವ್, ಅಂದರೆ ಟೈರಿನ ಮೇಲಿನ ಗೀರುಗಳ, ಆಳ ಮುಖ್ಯ. ಕಾನೂನು 1.6 ಮಿ.ಮೀ.ವರೆಗೆ ಬಿಡುತ್ತದೆ. ಮಲೆನಾಡಿನಲ್ಲಿ ಅಲ್ಲಿಯವರೆಗೆ ಕಾಯಬೇಡಿ, 3 ಮಿ.ಮೀ.ಗೆ ಬಂದಾಗಲೇ ಬದಲಾಯಿಸಿ. ನೀರು ಹೊರಹೋಗಲು ಜಾಗ ಇಲ್ಲದಿದ್ದರೆ ಟೈರ್ ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಗಾಳಿ ಕಡಿಮೆ ಇದ್ದರೂ ಇದೇ ಕಥೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಚೆಕ್ ಮಾಡಿಸಿ. ಇನ್ನು ಒದ್ದೆ ತರಗೆಲೆ, ಪಾಚಿ ಕಟ್ಟಿದ ಅಂಚು ಸಿಕ್ಕರೆ ಎಷ್ಟು ದುಡ್ಡಿನ ಟೈರಾದರೂ ಜಾರುತ್ತದೆ.

ಎರಡೇ ಟೈರ್ ಹಾಕಿಸುವುದಾದರೆ ಹೊಸವು ಹಿಂದಕ್ಕಿರಲಿ. ಅಂಗಡಿಯವರು ಮುಂದಕ್ಕೇ ಹಾಕೋಣ ಅನ್ನಬಹುದು, ಒಪ್ಪಬೇಡಿ. ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಜಾರಿದರೆ ಗಾಡಿ ಗಿರ್ರನೆ ತಿರುಗುತ್ತದೆ, ಅದನ್ನು ಹಿಡಿಯೋದು ಕಷ್ಟ ಅಲ್ವಾ? ಹಾಗೇ ಟೈರಿನ ಪಕ್ಕದಲ್ಲಿ ಅಚ್ಚಾದ ಡಾಟ್ (DOT) ಸಂಖ್ಯೆಯ ಕೊನೆಯ 4 ಅಂಕಿ ನೋಡಿ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ತುಂಬಾ ಹಳೇ ಸ್ಟಾಕ್ ಆದರೆ ಬೇರೆ ಸೆಟ್ ಕೇಳಿ.