ಕಥೆಯ ಅಮ್ಮಂದಿರಿಗೆಲ್ಲ ಕಾಯಿಲೆಯ ಚೀಟಿ ಅಂಟಿಸಬೇಡಿ

ಈ ಸಲವೂ ಅರ್ಧಕ್ಕರ್ಧ ಪತ್ರಗಳಲ್ಲಿ ‘ನಾರ್ಸಿಸಿಸ್ಟ್ ಅಮ್ಮ’, ಅಂದರೆ ತನ್ನಲ್ಲೇ ಮುಳುಗಿದ, ಆತ್ಮರತಿಯ ಅಮ್ಮ. ಒಂದಕ್ಕೆ ಉದ್ದವಾಗಿ ಉತ್ತರಿಸುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನೊಂದು ಕಥೆ ಬರೆದಿದ್ದೇನೆ. ಚಿಕ್ಕಪೇಟೆಯ ಅಂಗಡಿಯಲ್ಲಿ ಅಮ್ಮ ಮಗಳ ಮದುವೆಗೆ ಸೀರೆ ಆರಿಸುತ್ತಾಳೆ, ಮಗಳನ್ನು ಒಂದು ಮಾತೂ ಕೇಳುವುದಿಲ್ಲ. ಕೊನೆಗೆ ಅಮ್ಮ ನಾರ್ಸಿಸಿಸ್ಟ್ ಎಂದು ಮಗಳಿಗೆ ಗೊತ್ತಾಗುತ್ತದೆ. ಮನೋವಿಶ್ಲೇಷಣೆಯ ಪ್ರಕಾರ ಪಾತ್ರ ಸರಿಯಿದೆಯೇ?
– ಓದುಗಿ, ರಾಜಾಜಿನಗರ

ಉತ್ತರ: ಕಥೆ ಓದಿದೆ. ಕೊನೆಯ ಪ್ಯಾರಾ ಹೊಡೆದುಹಾಕಿ. ಅದು ಕಥೆಯಲ್ಲ, ಪ್ರಿಸ್ಕ್ರಿಪ್ಷನ್ನು.

ಎರಡನೇ ಪುಟ ಮಾತ್ರ ಚೆನ್ನಾಗಿದೆ. ಅಮ್ಮ ಮೆರೂನ್ ರೇಷ್ಮೆಯ ಸೆರಗನ್ನು ಮಗಳ ಹೆಗಲಿಗೆ ಹಾಕಿ, ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾಳೆ. ಮಗಳು ಕನ್ನಡಿ ನೋಡುವುದೇ ಇಲ್ಲ. ಅಮ್ಮನ ಮುಖ ನೋಡುತ್ತಾಳೆ, ಒಪ್ಪುತ್ತಾ ಇಲ್ವಾ ಅಂತ. ಇಂಗ್ಲೆಂಡಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ವಿನಿಕಾಟ್ 1967ರಲ್ಲಿ ಬರೆದದ್ದು ಇದನ್ನೇ. ಕೂಸಿಗೆ ಮೊದಲ ಕನ್ನಡಿ ಅಮ್ಮನ ಮುಖ. ಅಲ್ಲಿ ಕೂಸಿಗೆ ತಾನು ಕಾಣಬೇಕು. ಅಮ್ಮ ತನ್ನದೇ ಚಿಂತೆಯಲ್ಲಿ ಮುಳುಗಿದ್ದರೆ ಅದಕ್ಕೆ ಕಾಣುವುದು ಅಮ್ಮನ ಮೂಡು ಮಾತ್ರ. ಹಾಗೆ ಬೆಳೆದವರು ತಮಗೇನು ಬೇಕು ಅಂತ ತಿಳಿಯುವ ಮೊದಲೇ ಅಮ್ಮ ಇವತ್ತು ಹೇಗಿದ್ದಾಳೆ ಅಂತ ಅಳೆಯುವುದನ್ನು ಕಲಿತಿರುತ್ತಾರೆ.

ಇನ್ನು ಅಮ್ಮ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತೀವಲ್ಲ, ಆ ಮುದ್ದಿನ ಬೇರನ್ನು ಮನೋವಿಶ್ಲೇಷಣೆ ಹುಟ್ಟುಹಾಕಿದ ಫ್ರಾಯ್ಡ್ 1914ರಲ್ಲೇ ಕೆದಕಿದ್ದ. ತಮಗೆ ಸಿಗದ್ದೆಲ್ಲ ಮಗುವಿಗೆ ಸಿಗಲಿ ಅನ್ನುವ ಆಸೆಯಲ್ಲಿ ಹೆತ್ತವರ ಹಳೆಯ ಆತ್ಮರತಿಯೇ ಮತ್ತೆ ಹುಟ್ಟುತ್ತದೆ ಅಂದ. ಎಲ್ಲರ ಮನೆಯಲ್ಲೂ ಇರುವಂಥದ್ದು, ಕಾಯಿಲೆಯಲ್ಲ. ನೀವೇ ಮೂರನೇ ಪುಟದಲ್ಲಿ ಒಂದು ಸಾಲು ಬರೆದು ಮರೆತುಬಿಟ್ಟಿದ್ದೀರಿ: ಅಮ್ಮ ಧಾರೆಗೆ ಕೂತದ್ದು ಅಕ್ಕನ ಸೀರೆ ಉಟ್ಟು. ಅಯ್ಯೋ, ಕಥೆ ಇರುವುದೇ ಅಲ್ಲಿ! ಈಗ ಆ ಮೆರೂನ್ ಸೀರೆ ಯಾರಿಗೆ? ಅಮ್ಮನನ್ನು ಕ್ಷಮಿಸಿ ಅಂತ ಹೇಳುತ್ತಿಲ್ಲ. ಮಗಳಿಗೆ ಉಸಿರು ಕಟ್ಟುವುದೂ ನಿಜ. ಆದರೆ ಇಡೀ ಕಥೆ ಮಗಳ ಕಣ್ಣಲ್ಲೇ ಇದೆ. ಅಮ್ಮನಿಗೂ ಅರ್ಧ ಪುಟ ಬಾಯಿ ಕೊಡಿ. ಮಗಳ ಸಿಟ್ಟು ಹಾಗೇ ಇರಲಿ, ಸುಮ್ನೆ ರಾಜಿ ಮಾಡಿಸಬೇಡಿ.

ಪ್ರಶ್ನೆ: ಮೊಬೈಲ್ ಟೆಸ್ಟ್ ಮಾಡಿದೆ. ನಮ್ಮ ತಾಯಿ ನಾರ್ಸಿಸಿಸ್ಟ್ ಅಂತ ಬಂತು. ನಂಬಲೇ?

ಉತ್ತರ: ಫೋನನ್ನು ಅವರ ಕೈಗೆ ಕೊಡಿ. ನಿಮ್ಮ ಬಗ್ಗೆಯೂ ಅದೇ ಬರುತ್ತದೆ.

ಪ್ರಶ್ನೆ: ‘ಶರಪಂಜರ’ ಕಾದಂಬರಿಯಲ್ಲಿ ಹೆರಿಗೆಯ ನಂತರ ಕಾವೇರಿಗೆ ಬರುವ ಮನಸ್ಸಿನ ಕಾಯಿಲೆಗೆ ತಾಯ್ತನದ ಮೇಲಿನ ಒಳದ್ವೇಷ ಕಾರಣವೇ?

ಉತ್ತರ: ಸಿದ್ಧಾಂತ ಪಕ್ಕಕ್ಕಿಡಿ. ಹೆರಿಗೆಯ ನಂತರದ ಸೈಕೋಸಿಸ್, ಅಂದರೆ ವಾಸ್ತವದ ಅರಿವೇ ತಪ್ಪುವುದು, ನಿಜವಾದ ಕಾಯಿಲೆ, ಅದಕ್ಕೆ ಔಷಧ ಇದೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆ ನಿಮ್ಹಾನ್ಸ್‌ನಲ್ಲಿ ತಾಯಿ, ಮಗುವನ್ನು ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡೇ ಇದೆ. ಮನೆಯಲ್ಲಿ ಯಾರಿಗಾದರೂ ಹಾಗಾದರೆ ತಾಯತ, ಮಂತ್ರವಾದಿ ಅಂತ ಒಂದು ದಿನವೂ ಕಳೆಯಬೇಡಿ. ತ್ರಿವೇಣಿಯವರ ಕಾದಂಬರಿಯ ನಿಜವಾದ ಸಂಕಟ ಶುರುವಾಗುವುದು ಕಾವೇರಿ ಗುಣವಾಗಿ ಮನೆಗೆ ಬಂದ ಮೇಲೆ. ಆ ಭಾಗ ಇನ್ನೊಮ್ಮೆ ಓದಿ.

ಪ್ರಶ್ನೆ: ‘ಅಮ್ಮನಿಂದಾದ ಗಾಯ ಎರಡೇ ದಿನದಲ್ಲಿ ವಾಸಿ’ ಅನ್ನುವ ಶಿಬಿರಕ್ಕೆ ಸೇರಬಹುದೇ?

ಉತ್ತರ: ಬೇಡ. ಶನಿವಾರ ಅಳಿಸುತ್ತಾರೆ, ಭಾನುವಾರ ಅಪ್ಪಿಕೊಳ್ಳುತ್ತಾರೆ, ಸೋಮವಾರ ಫೋನ್ ಎತ್ತುವುದಿಲ್ಲ.