ಲೊಪಿನಾವಿರ್ ಮಾತ್ರೆ ಅಕ್ಕನಿಗೆ ಕೊಡಬಹುದಾ?

ಪ್ಯಾಪ್ ಟೆಸ್ಟಲ್ಲಿ (ಗರ್ಭಕಂಠದ ಜೀವಕೋಶಗಳ ಪರೀಕ್ಷೆ) ಎಚ್‌ಎಸ್‌ಐಎಲ್, ಅಂದರೆ ಆ ಕೋಶಗಳಲ್ಲಿ ತೀವ್ರ ಬದಲಾವಣೆ, ಬಂದಿರುವ ಅಕ್ಕನಿಗೆ ಲೊಪಿನಾವಿರ್ ಅನ್ನೋ ಎಚ್‌ಐವಿ ಮಾತ್ರೆ ನುಂಗಿಸಲಾ ಅಂತ ಕೇಳಿದ್ದೀರಿ. ಈ ಗೊಂದಲ ಹುಟ್ಟಿದ್ದು ಬಹುಶಃ ನೈರೋಬಿಯ ಅಧ್ಯಯನದ ಸುದ್ದಿಯಿಂದ. ಅಲ್ಲಿ ಲೊಪಿನಾವಿರ್, ರಿಟೊನಾವಿರ್ ಎರಡೂ ಔಷಧಿ ಸೇರಿದ ಕ್ಯಾಪ್ಸೂಲನ್ನು ನುಂಗಿಸಿರಲಿಲ್ಲ. ದಿನಕ್ಕೆ 2 ಸಲ, 2 ವಾರ, ಯೋನಿಯೊಳಗೆ ಇಟ್ಟುಕೊಳ್ಳಲು ಕೊಟ್ಟಿದ್ದರು. ಎಚ್‌ಎಸ್‌ಐಎಲ್ ಇದ್ದ 23 ಮಂದಿಯಲ್ಲಿ 19 ಜನರ ಪರೀಕ್ಷೆ 3 ತಿಂಗಳಲ್ಲಿ ಮಾಮೂಲಿಗೆ ಬಂತು. ಖುಷಿಯ ಸುದ್ದಿಯೇ. ಆದರೆ ಎಚ್‌ಎಸ್‌ಐಎಲ್ ಕ್ಯಾನ್ಸರ್ ಅಲ್ಲ, ಅದರ ಮುಂಚಿನ ಹಂತ. ಹೋಲಿಸಿ ನೋಡಲು ಔಷಧಿ ಪಡೆಯದ ಗುಂಪೂ ಇರಲಿಲ್ಲ. ಇಂಥ ಬದಲಾವಣೆ ಕೆಲವರಲ್ಲಿ ತಾನಾಗಿಯೇ ಹೋಗುತ್ತದೆ ಅಲ್ವಾ, ಹಾಗಾಗಿ ಅದರಲ್ಲಿ ಔಷಧಿಯ ಪಾಲೆಷ್ಟು ಅನ್ನುವುದು ಖಚಿತವಿಲ್ಲ.

ಸುಮ್ನೆ ಮಾತ್ರೆ ತಂದು ಕೊಡಬೇಡಿ. ಅದರಲ್ಲಿರುವ ರಿಟೊನಾವಿರ್ ರಕ್ತದಲ್ಲಿ ಬೇರೆ ಹಲವು ಔಷಧಿಗಳ ಮಟ್ಟ ಏರಿಸುತ್ತದೆ. ಕೊಲೆಸ್ಟ್ರಾಲ್‌ಗೆ ಸಿಮ್ವಾಸ್ಟಾಟಿನ್ ತಗೊಳ್ಳುವವರಿಗಂತೂ ಅಪಾಯ ಜಾಸ್ತಿ.

ಈ ವಾರವೇ ಸ್ತ್ರೀರೋಗ ತಜ್ಞರ ಹತ್ತಿರ ಕಾಲ್ಪೊಸ್ಕೋಪಿಗೆ (ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆ) ದಿನ ಗೊತ್ತು ಮಾಡಿ. ಕಲೆ ಕಂಡ ಜಾಗದಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಅದರಲ್ಲಿ ಸಿಐಎನ್ 2 ಅಥವಾ 3 (ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆಯ ಹೆಚ್ಚಿನ ಹಂತಗಳು) ಬಂದರೆ ಸಾಮಾನ್ಯವಾಗಿ ಲೀಪ್ ಅನ್ನೋ ಚಿಕಿತ್ಸೆ ಹೇಳುತ್ತಾರೆ. ಬಿಸಿಯಾದ ತೆಳು ತಂತಿಯ ಕುಣಿಕೆಯಿಂದ ಆ ಭಾಗವನ್ನಷ್ಟೇ ಕತ್ತರಿಸಿ ತೆಗೆಯುವುದು. ನನ್ನ ಅತ್ತಿಗೆಗೆ ಹೀಗೇ ಆಯ್ತು. ಸಂಜೆಗೆ ಮನೆಗೆ ಬಂದರು, ನಾಲ್ಕೈದು ದಿನ ಪ್ಯಾಡ್ ಬೇಕಾಯ್ತು, ಅಷ್ಟೇ. ಮುಂದೆ ಮಗು ಬೇಕು ಅಂತಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತಲೇ ಬಂದರೆ ತಡ ಮಾಡದೆ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಎಲ್ಲ ರಿಪೋರ್ಟ್ ಹಿಡಿದು ಹೋಗಿ. ಲೊಪಿನಾವಿರ್ ಪ್ರಯೋಗ ಎಲ್ಲಾದರೂ ನಡೆಯುತ್ತಿದೆಯಾ ಅಂತ ಅಲ್ಲೇ ಕೇಳಿ.