ಸರ್ವಿಸ್ ಸರಿಯಾಗಿ ಮಾಡಿಸಿದರೆ ಸಾಲದಾ? ಕಾರಿನಲ್ಲಿ ನಾವೇ ಏನು ನೋಡಬೇಕು?

10,000 ಕಿ.ಮೀ.ಗೊಮ್ಮೆ ಸರ್ವಿಸ್ ಮಾಡಿಸುತ್ತೀರಿ, ಹಾಸನದಿಂದ ಮಂಗಳೂರಿಗೆ ಆಗಾಗ ಓಡಾಟ ಇದೆ, ಮಧ್ಯದಲ್ಲಿ ನೀವೇ ಬಾನೆಟ್ ಎತ್ತಿ ನೋಡುವ ಅಗತ್ಯ ಇದೆಯಾ ಅಂತ ಕೇಳಿದ್ದೀರಿ. ಇದೆ. ನಾನು ಮೆಕ್ಯಾನಿಕ್ ಅಲ್ಲ, ತೀರ್ಥಹಳ್ಳಿ ಕಡೆಯವನು. ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಬರುವುದು ನಮಗೆ ಮಾಮೂಲಿ. ಸರ್ವಿಸ್‌ನವರು ಕಾರನ್ನು ವರ್ಷಕ್ಕೆ ಒಂದೋ ಎರಡೋ ಸಲ ನೋಡುತ್ತಾರೆ. ಅವತ್ತು ಏನು ಎಷ್ಟಿದೆ ಅಂತ ಅವರಿಗೆ ಗೊತ್ತಾಗುತ್ತದೆ. ಯಾವುದು ಮೆಲ್ಲಗೆ ಕಡಿಮೆ ಆಗುತ್ತಾ ಬಂದಿದೆ ಅನ್ನುವುದು ದಿನಾ ಓಡಿಸುವವರಿಗೇ ಗೊತ್ತಾಗಬೇಕು. ನಾವು ನೋಡಬೇಕಾದದ್ದು ಅದನ್ನೇ.

ಟೈರಿನ ಗಾಳಿಯಿಂದ ಶುರು ಮಾಡಿ. ನಿಮ್ಮ ಕಾರಿಗೆ ಎಷ್ಟು ಬೇಕು ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲಿರುವ ಸ್ಟಿಕ್ಕರ್‌ನಲ್ಲಿ ಸಿಗುತ್ತದೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 30ರಿಂದ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡ ಸಂಖ್ಯೆ ಆ ಟೈರು ತಡೆಯುವ ಗರಿಷ್ಠ ಒತ್ತಡ, ಅಷ್ಟು ತುಂಬಿಸಲು ಹೋಗಬೇಡಿ. ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿಸಿ. ದೂರ ಓಡಿ ಬಿಸಿಯಾದ ಟೈರಿನಲ್ಲಿ ಮೂರ್ನಾಲ್ಕು ಪಾಯಿಂಟ್ ಜಾಸ್ತಿ ತೋರಿಸುತ್ತದೆ. ಆಗ ಗಾಳಿ ಬಿಟ್ಟರೆ ಮರುದಿನ ಕಡಿಮೆ ಆಗಿರುತ್ತದೆ.

ಬಂಕಿನಲ್ಲಿ ಹುಡುಗ ಮೆಷಿನ್‌ನಲ್ಲಿ 33 ಅಂತ ಒತ್ತಿ ಪೈಪು ಸಿಕ್ಕಿಸುತ್ತಾನೆ. ಕುಂಯ್ ಅಂತ ಶಬ್ದ ಬಂದರೆ ಮುಗಿಯಿತು, ಮುಂದಿನ ಟೈರು. ನೀವು ಸೀಟಿನಲ್ಲೇ ಕೂತಿರಬೇಡಿ, ಇಳಿದು ಹೋಗಿ ಪಕ್ಕ ನಿಲ್ಲಿ. ಪೈಪು ಸಿಕ್ಕಿಸಿದ ಕೂಡಲೇ ಸ್ಕ್ರೀನ್ ಮೇಲೆ ಬರುವ ಮೊದಲ ಸಂಖ್ಯೆ, ಆ ಟೈರಿನಲ್ಲಿ ಈಗ ಇರುವ ಗಾಳಿ. ಮೂರು ಟೈರು 31 ತೋರಿಸಿ ಒಂದು 25 ತೋರಿಸಿದರೆ, ಅದರಲ್ಲಿ ಮೊಳೆ ಕೂತಿದೆ ಅಥವಾ ವಾಲ್ವ್ ಸೋರುತ್ತಿದೆ. ಟ್ಯೂಬ್‌ಲೆಸ್ ಟೈರು ಮೊಳೆ ಚುಚ್ಚಿದರೂ ತಕ್ಷಣ ಕೂರುವುದಿಲ್ಲ, ವಾರಗಟ್ಟಲೆ ಹಾಗೇ ಓಡುತ್ತದೆ. ಸುಮ್ನೆ ಗಾಳಿ ತುಂಬಿಸಿಕೊಂಡು ಬಂದರೆ ಆ ಸುಳಿವೂ ಹೋಯಿತು. ನೇರ ಪಂಕ್ಚರ್ ಅಂಗಡಿಗೆ ಹೋಗಿ.

ಹಾಗೇ ಟೈರಿನ ಮೇಲೆ ಒಮ್ಮೆ ಕೈಯಾಡಿಸಿ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಇಡುತ್ತಿದ್ದೀರಿ. ಎರಡೂ ಅಂಚು ಸವೆದಿದ್ದರೆ ಕಡಿಮೆ. ಒಂದೇ ಅಂಚು ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಗೀರುಗಳ ಮಧ್ಯೆ ಸಣ್ಣ ಉಬ್ಬುಗಳಿರುತ್ತವೆ. ಟೈರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿ.ಮೀ. ಮಾತ್ರ ಅಂತ ಅರ್ಥ. ಕಾನೂನಿನ ಮಿತಿಯೂ ಅದೇ. ಆದರೆ ನಮ್ಮ ಮಳೆಗೆ ಅಲ್ಲಿಯವರೆಗೆ ಕಾಯುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನು ಬಾನೆಟ್ ಒಳಗೆ. ಎಂಜಿನ್ ಆಯಿಲ್ ನೋಡಲು ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹತ್ತು ನಿಮಿಷ ಬಿಡಿ. ಆಯಿಲ್ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ತೆಗೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆಯಿರಿ. ಎರಡು ಗುರುತುಗಳ ಮಧ್ಯೆ ಇದ್ದರೆ ಸಾಕು. ಮೇಲಿನ ಗುರುತು ದಾಟಿಸಿ ಸುರಿಯುವುದೂ ಎಂಜಿನ್‌ಗೆ ಒಳ್ಳೆಯದಲ್ಲ. ಡೀಸೆಲ್ ಕಾರಾದರೆ ಆಯಿಲ್ ಬೇಗ ಕಪ್ಪಾಗುತ್ತದೆ, ಗಾಬರಿ ಬೇಡ. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ಮಾತ್ರ ಗಾಡಿ ತೆಗೆಯಬೇಡಿ. ಆಯಿಲ್‌ಗೆ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಸೇರಿರುವ ಸಾಧ್ಯತೆ ಜಾಸ್ತಿ. ಮೆಕ್ಯಾನಿಕ್ ಅನ್ನೇ ಮನೆಗೆ ಕರೆಸಿ.

ಕೂಲೆಂಟ್ ಪ್ಲಾಸ್ಟಿಕ್ ಡಬ್ಬಿಯ ಹೊರಗಿನಿಂದಲೇ ಕಾಣುತ್ತದೆ. ಎಂಜಿನ್ ತಣ್ಣಗಿರುವಾಗ ನೋಡಿ. ಬಿಸಿ ಇದ್ದಾಗ ಮುಚ್ಚಳ ತೆಗೆದರೆ ಒತ್ತಡಕ್ಕೆ ಚಿಮ್ಮಿ ಮುಖ ಕೈ ಸುಡುತ್ತದೆ. ತಿಂಗಳು ತಿಂಗಳು ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಬೋರ್‌ವೆಲ್ ನೀರು ತುಂಬಿಸಿಕೊಂಡು ಓಡಾಡಬೇಡಿ, ಒಳಗೆ ಉಪ್ಪು ಕಟ್ಟುತ್ತದೆ. ಅಂದ ಹಾಗೆ, ಎಸಿ ಹಾಕಿ ನಿಲ್ಲಿಸಿದಾಗ ಕಾರಿನ ಕೆಳಗೆ ತೊಟ್ಟಿಕ್ಕುವ ತಿಳಿ ನೀರು ಸೋರಿಕೆ ಅಲ್ಲ. ಅದಕ್ಕೆ ಹೆದರಿ ಗ್ಯಾರೇಜಿಗೆ ಓಡಿದವರನ್ನು ನೋಡಿದ್ದೇನೆ.

ನೀವು ಶಿರಾಡಿ ಘಾಟಿ ಇಳಿಯುವವರು, ಹಾಗಾಗಿ ಬ್ರೇಕ್ ಆಯಿಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ತೇವ ಸೇರಿದ ಆಯಿಲ್‌ಗೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನ ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟೇ ಬಂದರೆ ಬಿಸಿಗೆ ಆಯಿಲ್ ಕುದ್ದು ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಇಳಿಯುವಾಗ ಸೆಕೆಂಡ್ ಅಥವಾ ಥರ್ಡ್ ಗೇರಿನಲ್ಲೇ ಇರಬೇಕು. ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಮೇಲಿಂದ ಸುರಿದು ಸುಮ್ಮನಾಗಬೇಡಿ. ಬ್ರೇಕ್ ಪ್ಯಾಡ್ ಸವೆದಷ್ಟೂ ಆ ಮಟ್ಟ ಇಳಿಯುತ್ತದೆ. ಮೊದಲು ಪ್ಯಾಡ್ ನೋಡಿಸಿ.

ಉಳಿದದ್ದು ಬೇಗ ಮುಗಿಯುತ್ತದೆ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದ್ದರೆ ಶುಚಿ ಮಾಡಿಸಿ. ವೈಪರ್ ರಬ್ಬರ್ ಬೇಸಿಗೆಯಲ್ಲಿ ಗಟ್ಟಿಯಾಗಿರುತ್ತದೆ, ಜೂನ್‌ಗೆ ಮೊದಲೇ ಬದಲಿಸಿ. ಬ್ರೇಕ್ ಲೈಟ್ ನೋಡಲು ಇನ್ನೊಬ್ಬರು ಬೇಕಿಲ್ಲ, ರಾತ್ರಿ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ ಕನ್ನಡಿಯಲ್ಲಿ ನೋಡಿದರೆ ಕಾಣುತ್ತದೆ. ಮಳೆಗಾಲದಲ್ಲಿ ಬಾನೆಟ್ ಒಳಗೆ ಇಲಿ ಹಿಕ್ಕೆ, ಹುಲ್ಲುಕಡ್ಡಿ ಕಂಡರೆ ವೈರ್ ಕಡಿದಿದೆಯಾ ನೋಡಿ. ನಮ್ಮ ಕಡೆ ಹೊಗೆಸೊಪ್ಪು ಕಟ್ಟಿ ಇಡುತ್ತಾರೆ. ಇಲಿ ಓದಿಕೊಂಡಿದ್ದರೆ ಓಡುತ್ತದೆ, ಇಲ್ಲದಿದ್ದರೆ ಇಲ್ಲ!

ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಬಂದರೆ ಬೇಗ ತೋರಿಸಿ. ಓಡಿಸುವಾಗ ಆಯಿಲ್ ಕ್ಯಾನ್ ಚಿತ್ರದ ಕೆಂಪು ದೀಪ ಬಂದರೆ ಮುಂದಿನ ಊರಿನವರೆಗೆ ಹೋಗೋಣ ಅನ್ನಬೇಡಿ. ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿ. ಆಯಿಲ್ ಒತ್ತಡ ಇಲ್ಲದೆ ಓಡಿದರೆ ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಹಾಳಾಗುತ್ತದೆ.

ಕೊನೆಗೆ ಸ್ಟೆಪ್ನಿ. ನಾಲ್ಕು ಟೈರಿಗೆ ಗಾಳಿ ಹೊಡೆಸುವವರು ಐದನೆಯದನ್ನು ಮರೆತೇ ಬಿಡುತ್ತಾರೆ, ಅಲ್ವಾ? ಡಿಕ್ಕಿಯ ಮ್ಯಾಟ್ ಎತ್ತಿ ಅದರಲ್ಲೂ ಗಾಳಿ ನೋಡಿಸಿ, ಜಾಕ್ ಮತ್ತು ವೀಲ್ ಸ್ಪ್ಯಾನರ್ ಇವೆಯಾ ನೋಡಿಕೊಳ್ಳಿ. ಈಗ ಕೆಲವು ಕಾರುಗಳಿಗೆ ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಅಷ್ಟೇ ಕೊಡುತ್ತಾರೆ. ನಿಮ್ಮದರಲ್ಲಿ ಯಾವುದಿದೆ ಅಂತ ನೋಡಿ, ಕಿಟ್ ಆದರೆ ಅದರ ಬಾಟಲಿಯ ಮೇಲಿನ ಎಕ್ಸ್‌ಪೈರಿ ದಿನಾಂಕವನ್ನೂ ಓದಿಕೊಳ್ಳಿ.